ಪ್ಲೇಯರ್ ಬರೀ ಕೇಳಿಸುತ್ತದೆ ಎಂದುಕೊಂಡಿದ್ದೀರಾ?

ಸ್ಟ್ರೀಮಿಂಗ್ ಆ್ಯಪ್‌ಗಳ ಈ ಕಾಲದಲ್ಲೂ ಹಾರ್ಡ್ ಡಿಸ್ಕಿನಲ್ಲಿ ಹಾಡು ಕೂಡಿಟ್ಟುಕೊಂಡವರಿಗೆ ಕೊರತೆಯಿಲ್ಲ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಭಾವಗೀತೆ, ರಾಮನವಮಿಯ ಕಛೇರಿಯಲ್ಲಿ ಯಾರೋ ರೆಕಾರ್ಡ್ ಮಾಡಿಕೊಟ್ಟ ಗಾಯನ, ಈಗ ಅಂಗಡಿಯಲ್ಲಿ ಸಿಗದ ತಾಳಮದ್ದಳೆ. ಇಂಥ ಸಂಗ್ರಹ ಇಟ್ಟುಕೊಂಡವರ ಬಾಯಲ್ಲಿ ಆಗಾಗ ಕೇಳುವ ದೂರು ಒಂದಿದೆ. ಹೊಸ ಪ್ಲೇಯರ್ ಹಾಕಿಕೊಂಡು ಹಾಡಿನ ಫೋಲ್ಡರ್ ತೋರಿಸಿದ್ದಷ್ಟೇ. ವಾರ ಕಳೆಯುವಷ್ಟರಲ್ಲಿ ಗಾಯಕರ ಹೆಸರು ಬದಲು, ಒಂದು ಆಲ್ಬಮ್ ಮೂರು ಪಾಲು, ಮುಖಚಿತ್ರದ ಜಾಗದಲ್ಲಿ ಇನ್ಯಾವುದೋ ಸಿನಿಮಾದ ಪೋಸ್ಟರ್. ವೈರಸ್ಸೇ ಇರಬೇಕೆಂದು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದವರೂ ಉಂಟು. ಬಹುಪಾಲು ಸಂದರ್ಭಗಳಲ್ಲಿ ಇದು ಪ್ಲೇಯರಿನದೇ ಕೆಲಸ. ಅದೂ ಕದ್ದುಮುಚ್ಚಿ ಅಲ್ಲ, ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಟಿಕ್ ಆಗಿದ್ದ ಒಂದು ಚೌಕದ ಬಲದಿಂದ.

"ಹಾಡು ಕೇಳಿದರೆ ಫೈಲಿಗೇನೂ ಆಗುವುದಿಲ್ಲ"

ನುಡಿಸುವುದಷ್ಟೇ ಕೆಲಸವಾಗಿದ್ದರೆ ಈ ಮಾತು ನಿಜ. ಆದರೆ ಇವತ್ತಿನ ಪ್ಲೇಯರ್‌ಗಳು ಲೈಬ್ರರಿಯನ್ನೂ ಕಟ್ಟುತ್ತವೆ. ಯಾರು ಹಾಡಿದ್ದು, ಯಾವ ಆಲ್ಬಮ್, ಎಷ್ಟು ಸಲ ಕೇಳಿದ್ದು, ಎಷ್ಟು ನಕ್ಷತ್ರ ಕೊಟ್ಟದ್ದು ಎಂದೆಲ್ಲ ಲೆಕ್ಕ ಇಡುತ್ತವೆ. ಈ ಲೆಕ್ಕವನ್ನು ಎಲ್ಲಿ ಬರೆದಿಡುತ್ತವೆ ಎಂಬುದರಲ್ಲೇ ಎಲ್ಲ ತಕರಾರಿನ ಬೇರಿದೆ. ತನ್ನದೇ ಡೇಟಾಬೇಸಿನಲ್ಲಿ ಬರೆದುಕೊಂಡರೆ ನಿಮ್ಮ ಫೈಲಿಗೆ ಅಪಾಯವಿಲ್ಲ. ಫೈಲಿನ ಟ್ಯಾಗಿನಲ್ಲೇ, ಎಂದರೆ ಹಾಡಿನ ವಿವರಕ್ಕೆಂದು ಫೈಲಿನೊಳಗೇ ಇರುವ ಜಾಗದಲ್ಲಿ, ಬರೆದರೆ ನಿಮ್ಮ ಫೈಲೇ ಅದರ ಲೆಕ್ಕದ ಪುಸ್ತಕವಾಯಿತು.

ವಿಂಡೋಸ್ ಮೀಡಿಯಾ ಪ್ಲೇಯರಿನ ಹಳೆಯ ಆವೃತ್ತಿಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಆಯ್ಕೆಗಳ ಪುಟದಲ್ಲಿ ಹಾಡುಗಳ ವಿವರವನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವ ಚೌಕವಿದೆ. ಅದರ ಕೆಳಗೆ ಎರಡು ದಾರಿ: ಖಾಲಿ ಇರುವ ಖಾನೆ ಮಾತ್ರ ತುಂಬುವುದು, ಇಲ್ಲವೇ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆಯುವುದು. ನಕ್ಷತ್ರಗಳನ್ನು ಫೈಲಿನೊಳಗೇ ಉಳಿಸುವ ಚೌಕ ಇನ್ನೊಂದು. ಇಷ್ಟು ಸಾಲದೆಂಬಂತೆ ಅದು ಹಾಡಿನ ಫೋಲ್ಡರಿನಲ್ಲಿ ಅಡಗಿದ ಫೈಲಾಗಿ 200x200 ಪಿಕ್ಸೆಲ್‌ನ ಚಿತ್ರವನ್ನೂ ಇಡುತ್ತಿತ್ತು. ಕಷ್ಟಪಟ್ಟು ಸ್ಕ್ಯಾನ್ ಮಾಡಿಟ್ಟ ದೊಡ್ಡ ಮುಖಚಿತ್ರಕ್ಕೂ ಅದೇ ಹೆಸರಿದ್ದರೆ ಅದರ ಕಥೆ ಮುಗಿಯಿತು. ಐಟ್ಯೂನ್ಸ್‌ನ ರೀತಿ ಬೇರೆ. ನಕ್ಷತ್ರ, ಕೇಳಿದ ಲೆಕ್ಕ ಎರಡನ್ನೂ ಅದು ತನ್ನ ಲೈಬ್ರರಿಯಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಹಾಡಿನ ಹೆಸರನ್ನೋ ಗಾಯಕರ ಹೆಸರನ್ನೋ ಅದರಲ್ಲಿ ತಿದ್ದಿದಿರೋ, ತಿದ್ದುಪಡಿ ನೇರ ಫೈಲಿಗೇ ಹೋಗುತ್ತದೆ.

"ನಾನು ಕೊಟ್ಟ ನಕ್ಷತ್ರ ನನ್ನ ಕಂಪ್ಯೂಟರಿನಲ್ಲೇ ಇರುತ್ತದೆ"

ಎಂಪಿ3 ಟ್ಯಾಗಿನಲ್ಲಿ ಮೆಚ್ಚುಗೆಗೆಂದೇ ಒಂದು ಖಾನೆಯಿದೆ, 1ರಿಂದ 255ರ ತನಕ ಅಂಕ. ಮೀಡಿಯಾ ಪ್ಲೇಯರ್ ಒಂದು ನಕ್ಷತ್ರಕ್ಕೆ 1, ಎರಡಕ್ಕೆ 64, ಐದಕ್ಕೆ 255 ಎಂದು ಬರೆಯುತ್ತದೆ. ಬೇರೆ ಪ್ಲೇಯರಿನ ಲೆಕ್ಕಾಚಾರ ಬೇರೆ, ಹಾಗಾಗಿ ಇಲ್ಲಿಯ ಮೂರು ನಕ್ಷತ್ರ ಅಲ್ಲಿ ಎರಡೂವರೆಯಾಗಿ ಕಾಣಬಹುದು. ಫೈಲನ್ನು ಭಾವನಿಗೆ ಕಳಿಸಿದರೆ, ಅವರ ಮೆಚ್ಚಿನ ಹಾಡಿಗೆ ನೀವು ಒಂದೇ ನಕ್ಷತ್ರ ಕೊಟ್ಟ ಸಂಗತಿಯೂ ಜೊತೆಗೇ ಹೋಗುತ್ತದೆ.

"ಇಂಟರ್ನೆಟ್ಟಿನಿಂದ ಬಂದ ವಿವರ ನಮ್ಮದಕ್ಕಿಂತ ಸರಿ"

ಸಾಮಾನ್ಯ ಆಡಿಯೊ ಸಿ.ಡಿ.ಯಲ್ಲಿ ಹಾಡಿನ ಹೆಸರೇ ಇರುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಎಷ್ಟು ಹಾಡು, ಯಾವುದು ಎಲ್ಲಿ ಶುರು ಎಂಬ ಅಳತೆಯನ್ನು ಹಿಡಿದು ಸಾಫ್ಟ್‌ವೇರ್ ಡೇಟಾಬೇಸನ್ನು ಕೇಳುತ್ತದೆ. ಅದೇ ಅಳತೆಯ ಇನ್ನೊಂದು ಸಿ.ಡಿ. ಸಿಕ್ಕಿತೋ, ಅದರ ಹೆಸರುಗಳನ್ನೇ ನಿಮ್ಮದಕ್ಕೆ ಅಂಟಿಸುತ್ತದೆ. ಈಚಿನ ಕ್ರಮದಲ್ಲಿ ಧ್ವನಿಯನ್ನೇ ಕೇಳಿ ಅದರ ಬೆರಳಚ್ಚು ತೆಗೆಯುತ್ತಾರೆ. ಹಾಡು ಯಾವುದೆಂದು ಇದು ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತದೆ. ತಪ್ಪುವುದು ಆಲ್ಬಮ್ಮಿನಲ್ಲಿ, ಏಕೆಂದರೆ ಒಂದೇ ರೆಕಾರ್ಡಿಂಗ್ ಮೂಲ ಚಿತ್ರದ ಆಲ್ಬಮ್ಮಿನಲ್ಲೂ ಇರುತ್ತದೆ, ಆಮೇಲೆ ಬಂದ 'ಹಿಟ್ಸ್' ಸಂಕಲನಗಳಲ್ಲೂ ಇರುತ್ತದೆ. ಪ್ಲೇಯರಿಗೆ ಯಾವುದಾದರೂ ಒಂದೇ.

ಚಿತ್ರಗೀತೆಗಳಲ್ಲಿ 'ಕಲಾವಿದ' ಎಂಬ ಖಾನೆಯೇ ಜಗಳಗಂಟಿ. 1972ರ 'ಬಂಗಾರದ ಮನುಷ್ಯ' ತೆಗೆದುಕೊಳ್ಳಿ. ತೆರೆಯ ಮೇಲೆ ರಾಜ್‌ಕುಮಾರ್, ಅವರ ಹಾಡುಗಳಿಗೆ ಕಂಠ ಪಿ.ಬಿ. ಶ್ರೀನಿವಾಸ್ ಅವರದು, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಡೇಟಾಬೇಸಿಗೆ ವಿವರ ತುಂಬಿದ ಒಬ್ಬ ಪುಣ್ಯಾತ್ಮ ನಟರ ಹೆಸರು ಬರೆದು, ಇನ್ನೊಬ್ಬ ಗಾಯಕರ ಹೆಸರು, ಮತ್ತೊಬ್ಬ ಸಂಗೀತ ನಿರ್ದೇಶಕರ ಹೆಸರು ಬರೆದಿದ್ದರೆ ಪ್ಲೇಯರ್ ಅದನ್ನೇ ತಂದು ಸುರಿಯುತ್ತದೆ. ಆಲ್ಬಮ್ ಕಲಾವಿದ ಎಂಬ ಪ್ರತ್ಯೇಕ ಖಾನೆ ಖಾಲಿ ಇದ್ದರಂತೂ ಒಂದು ಚಿತ್ರದ ಹಾಡುಗಳು ಮೂರು ಆಲ್ಬಮ್ಮಾಗಿ ಚದುರುತ್ತವೆ. ಫೈಲಿನ ಹೆಸರು ಸರಿಯಿದ್ದರೂ ಉಪಯೋಗವಿಲ್ಲ. ಲೈಬ್ರರಿ ಕಟ್ಟುವ ಪ್ಲೇಯರ್ ನೋಡುವುದು ಟ್ಯಾಗನ್ನು.

"ಕನ್ನಡ ಅಕ್ಷರ ಚಿಂದಿಯಾದರೆ ಫೈಲ್ ಕೆಟ್ಟಿದೆ ಎಂದರ್ಥ"

ಫೈಲ್ ಕೆಟ್ಟಿರುವುದಿಲ್ಲ. ಹಾಡು ಸರಿಯಾಗಿಯೇ ಕೇಳುತ್ತಿರುತ್ತದೆ. ಕೆಟ್ಟಿರುವುದು ಅಕ್ಷರಗಳನ್ನು ಓದಿದ ಇಲ್ಲವೇ ಬರೆದ ರೀತಿ.

ಎಂಪಿ3ಗೆ ಮೊದಲು ಟ್ಯಾಗೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬುವರು ಫೈಲಿನ ಕೊನೆಗೆ 128 ಬೈಟ್‌ನ ಒಂದು ಬಾಲ ಸೇರಿಸಿದರು. ಅದೇ ಐಡಿ3. ಹಾಡಿನ ಹೆಸರಿಗೆ 30 ಬೈಟ್, ಕಲಾವಿದರಿಗೆ 30, ಆಲ್ಬಮ್ಮಿಗೆ 30. ಇಂಗ್ಲಿಷಿಗೆ ಹೇಗೋ ಸಾಕು. ಯುಟಿಎಫ್-8 ಎಂಬ ಇಂದಿನ ಚಾಲ್ತಿಯ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು. ಗುಣಿತದ ಚಿಹ್ನೆಗೆ ಬೇರೆ, ಒತ್ತಿಗೆ ಬೇರೆ. 'ಬಂಗಾರದ ಮನುಷ್ಯ' ಎಂದು ಬರೆಯಲು 37 ಬೈಟ್ ಆಗುತ್ತದೆ. 30ಕ್ಕೆ ಕತ್ತರಿಸಿದರೆ ಉಳಿಯುವುದು 'ಬಂಗಾರದ ಮನು' ಮತ್ತು ಮೂರನೆಯ ಒಂದು ಪಾಲು ಕಳೆದುಕೊಂಡ ಒಂದು 'ಷ'.

ಮುಂದೆ 1998ರಲ್ಲಿ ಬಂದ ಎರಡನೆಯ ಪೀಳಿಗೆಯ ಐಡಿ3 ಫೈಲಿನ ಮುಂಭಾಗಕ್ಕೆ ಹೋಯಿತು, ಉದ್ದದ ತೊಂದರೆ ತೀರಿತು. ಆದರೆ ಯುಟಿಎಫ್-8 ಅಧಿಕೃತವಾಗಿ ಸೇರಿದ್ದು 2000ದ 2.4 ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ 2.3 ಇಂದಿಗೂ ಧಾರಾಳವಾಗಿ ಬಳಕೆಯಲ್ಲಿದೆ. ಅದರಲ್ಲಿ ಕನ್ನಡ ಬರೆಯಲು ಯುಟಿಎಫ್-16 ಬೇಕು. ಪ್ಲೇಯರ್ ಒಂದು ಕ್ರಮದಲ್ಲಿರುವುದನ್ನು ಇನ್ನೊಂದೆಂದು ಓದಿದರೆ ಚಿಂದಿ ಶುರು.

ಆ ಚಿಂದಿಯಲ್ಲೂ ಎರಡು ಜಾತಿ. ತಲೆಯ ಮೇಲೆ ಓರೆಗೆರೆ ಎಳೆದ ಲ್ಯಾಟಿನ್ 'ಎ' ಅಕ್ಷರ ಮತ್ತೆ ಮತ್ತೆ ಕಂಡರೆ ಗಾಬರಿ ಬೇಡ. ಕನ್ನಡದ ಪ್ರತಿ ಚಿಹ್ನೆಯ ಮೊದಲ ಬೈಟೂ ಒಂದೇ ಆದ್ದರಿಂದ, ಯುಟಿಎಫ್-8 ಅನ್ನು ಲ್ಯಾಟಿನ್ ಎಂದು ಓದಿದಾಗ ಹಾಗೆ ಕಾಣುತ್ತದೆ. ಒಳಗೆ ಬೈಟುಗಳು ಪೂರ್ತಿ ಉಳಿದಿದ್ದರೆ ಟ್ಯಾಗ್ ತಿದ್ದುವ ಸಾಫ್ಟ್‌ವೇರಿನಲ್ಲಿ ಕ್ರಮ ಬದಲಿಸಿ ಕನ್ನಡವನ್ನು ಮರಳಿ ಪಡೆಯಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡು, ಬೇರೆ ಪ್ಲೇಯರಿನಲ್ಲಿ ತೆರೆದರೂ ಅದೇ ಕಂಡರೆ, ಪ್ಲೇಯರ್ ತನಗೆ ಬಾರದ ಅಕ್ಷರ ಎಸೆದು ಅವುಗಳ ಮೇಲೆಯೇ ಬರೆದುಬಿಟ್ಟಿದೆ. ಹೋದದ್ದು ಹೋಯಿತು, ಮತ್ತೆ ಕೂತು ಟೈಪ್ ಮಾಡಬೇಕು.

ಇದೇ ದಾರಿಯಲ್ಲಿ ಸಂಗೀತಪ್ರಿಯರು ಸ್ವಂತವಾಗಿ ಸೇರಿಸಿಕೊಂಡ ರಾಗ, ತಾಳ, ವಾಗ್ಗೇಯಕಾರರ ಖಾನೆಗಳೂ ಮಾಯವಾಗಬಹುದು. ನೀವು ವರ್ಷವೊಂದನ್ನೇ ತಿದ್ದಿದರೂ ಕೆಲವು ಸಾಫ್ಟ್‌ವೇರ್‌ಗಳು ಇಡೀ ಟ್ಯಾಗನ್ನು ಹೊಸದಾಗಿ ಬರೆಯುತ್ತವೆ. ಗುರುತಿಲ್ಲದ ಖಾನೆಯನ್ನು ಉಳಿಸಬೇಕೇ ಬಿಡಬೇಕೇ ಎಂದು ಹೇಳುವ ಗುರುತನ್ನು ಐಡಿ3 ನಿಯಮದಲ್ಲೇ ಇಟ್ಟಿದ್ದಾರೆ. ಅದನ್ನು ಎಲ್ಲರೂ ಪಾಲಿಸುತ್ತಾರೆಂಬ ಭರವಸೆ ಬೇಡ.

"ಟ್ಯಾಗ್ ಬದಲಾದರೆ ಧ್ವನಿಯೂ ಕೆಡುತ್ತದೆ"

ಇಲ್ಲ. ಟ್ಯಾಗ್ ಬೇರೆ, ಧ್ವನಿಯ ಭಾಗ ಬೇರೆ. ಫ್ಲ್ಯಾಕ್ ಫೈಲಾದರೆ ಇದನ್ನು ಪರೀಕ್ಷಿಸಿಯೇ ನೋಡಬಹುದು. ಮೂಲ ಧ್ವನಿಯ ಎಂಡಿ5 ಮೊಹರನ್ನು ಫೈಲಿನೊಳಗೇ ಇಡಲಾಗಿರುತ್ತದೆ, ಟ್ಯಾಗ್ ಎಷ್ಟು ಸಲ ತಿದ್ದಿದರೂ ಅದು ಹೊಂದುತ್ತದೆ. ಒಂದು ಅಪವಾದ: ಎಂಪಿ3ಗೇನ್‌ನಂಥ ಸಾಧನಗಳು ಹಾಡುಗಳ ಸದ್ದನ್ನು ಸಮ ಮಾಡಲು ಧ್ವನಿಯ ಭಾಗದಲ್ಲೇ ಮಟ್ಟದ ಅಂಕಿಯನ್ನು 1.5 ಡೆಸಿಬೆಲ್ ಮೆಟ್ಟಿಲುಗಳಲ್ಲಿ ಬದಲಿಸುತ್ತವೆ. ಅದೇ ಉದ್ದೇಶದ ರಿಪ್ಲೇಗೇನ್ ಹಾಗಲ್ಲ, ಅದು ಟ್ಯಾಗಿನಲ್ಲಿ ಸೂಚನೆ ಬರೆದು ಸುಮ್ಮನಾಗುತ್ತದೆ.

"ಬ್ಯಾಕಪ್ ಇದೆಯಲ್ಲ"

ಕ್ಲೌಡ್ ಸಿಂಕ್ ಮಾತ್ರ ಇಟ್ಟುಕೊಂಡವರು ಹೀಗೆನ್ನುವುದು ನನಗೆ ಎಲ್ಲಕ್ಕಿಂತ ಅಪಾಯಕಾರಿ ಎನ್ನಿಸುತ್ತದೆ. ಪ್ಲೇಯರ್ ಸಾವಿರ ಫೈಲಿನ ಟ್ಯಾಗ್ ಬದಲಿಸಿದರೆ ಸಿಂಕ್ ಅದನ್ನು ಶ್ರದ್ಧೆಯಿಂದ ಅಲ್ಲಿಗೂ ತಲುಪಿಸುತ್ತದೆ. ಫೈಲಿನ ದಿನಾಂಕ ನೋಡಿ ಕಂಡುಹಿಡಿಯೋಣವೆಂದರೆ, ತಿದ್ದಿದ ಮೇಲೂ ಹಳೆಯ ದಿನಾಂಕವನ್ನೇ ಉಳಿಸುವ ಆಯ್ಕೆ ಕೆಲವು ಸಾಫ್ಟ್‌ವೇರ್‌ಗಳಲ್ಲಿದೆ.

ಕ್ಯಾಸೆಟ್ ಕಾಲದವರಿಗೆ ಇದರ ಮದ್ದು ಗೊತ್ತು: ಮೇಲಿನ ಚಿಕ್ಕ ಪ್ಲಾಸ್ಟಿಕ್ ಚೂರು ಮುರಿದುಬಿಟ್ಟರೆ ಅದರ ಮೇಲೆ ಯಾರೂ ಮತ್ತೆ ರೆಕಾರ್ಡ್ ಮಾಡಲಾಗದು. ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದು 'ರೀಡ್ ಓನ್ಲಿ' ಗುರುತು. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಅದನ್ನು ಹಾಕಬಹುದು. ಲಿನಕ್ಸ್‌ನಲ್ಲಿ ಫೈಲಿಗೆ ಹಾಕಿದರಷ್ಟೇ ಸಾಲದು, ಫೋಲ್ಡರಿಗೂ ಬರೆಯುವ ಅನುಮತಿ ತೆಗೆಯಬೇಕು. ಇಲ್ಲವಾದರೆ ಸಾಫ್ಟ್‌ವೇರ್ ಹೊಸ ಫೈಲೊಂದನ್ನು ಬರೆದು ಹಳೆಯದರ ಜಾಗದಲ್ಲಿ ಕೂರಿಸಿಬಿಡಬಹುದು. ಹೊಸ ಪ್ಲೇಯರ್ ಹಾಕಿಕೊಂಡಾಗ ಇಡೀ ಸಂಗ್ರಹ ತೋರಿಸುವ ಮೊದಲು, ಹತ್ತು ಹಾಡುಗಳ ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಟ್ಟು ಅದನ್ನಷ್ಟೇ ತೋರಿಸಿ. ನಾಲ್ಕು ದಿನ ಕೇಳಿ, ಒಂದೆರಡು ನಕ್ಷತ್ರ ಕೊಟ್ಟು, ಆಮೇಲೆ ಮೂಲದ ಜೊತೆ ಹೋಲಿಸಿ. ಒಂದು ಬೈಟ್ ವ್ಯತ್ಯಾಸ ಕಂಡರೂ ಸೆಟ್ಟಿಂಗ್ಸ್‌ನಲ್ಲಿ ಯಾವುದೋ ಚೌಕ ಟಿಕ್ ಆಗಿದೆ ಎಂದೇ ಲೆಕ್ಕ.