18ಕ್ಕೇ ಚಿನ್ನ ಗೆದ್ದ ಪಿಯಾನೋ ಹುಡುಗ: ಯಾರು ಈ ಯುಂಚಾನ್ ಲಿಮ್? ಪದಕದ ನಂತರದ ಹಾದಿ ಏಕೆ ಕಷ್ಟ?

ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರ. 2022ರ ಜೂನ್ ತಿಂಗಳು. ವೇದಿಕೆಯ ಮೇಲೆ ದೊಡ್ಡ ಆರ್ಕೆಸ್ಟ್ರಾ, ಅದರ ಮುಂದೆ ಒಂದು ಪಿಯಾನೋ. ಹಣೆ ಮುಚ್ಚುವಷ್ಟು ಕೂದಲು ಬಿಟ್ಟ, ಮಾತು ಕಡಿಮೆಯ ಒಬ್ಬ ಹುಡುಗ ಬಂದು ಕುಳಿತ. ಮುಂದಿನ ನಲವತ್ತಕ್ಕೂ ಹೆಚ್ಚು ನಿಮಿಷ ಆತ ನುಡಿಸಿದ್ದು ರಷ್ಯಾದ ಸಂಗೀತಗಾರ ರಾಖ್ಮನಿನೋವ್ ಅವರ ಮೂರನೇ ಪಿಯಾನೋ ಕನ್ಸರ್ಟೊ. ಪಿಯಾನೋ ಲೋಕದಲ್ಲಿ ಅತಿ ಕಷ್ಟದ ರಚನೆಗಳ ಸಾಲಿನಲ್ಲಿ ನಿಲ್ಲುವ ಕೃತಿ ಇದು. ನುಡಿಸಾಣಿಕೆ ಮುಗಿದಾಗ ಆರ್ಕೆಸ್ಟ್ರಾ ನಿರ್ದೇಶಕಿ ಮರಿನ್ ಆಲ್ಸಪ್ ಕಣ್ಣೊರೆಸಿಕೊಂಡ ದೃಶ್ಯ ವಿಡಿಯೋದಲ್ಲಿ ದಾಖಲಾಗಿದೆ. ಯೂಟ್ಯೂಬ್‌ನಲ್ಲಿ ಆ ವಿಡಿಯೋ ಈಗ ಒಂದು ಕೋಟಿಗೂ ಹೆಚ್ಚು ವೀಕ್ಷಣೆ ಕಂಡಿದೆ.

ಆ ಹುಡುಗನೇ ದಕ್ಷಿಣ ಕೊರಿಯಾದ ಯುಂಚಾನ್ ಲಿಮ್. ಆಗ ಅವರ ವಯಸ್ಸು 18. ವ್ಯಾನ್ ಕ್ಲೈಬರ್ನ್ ಅಂತಾರಾಷ್ಟ್ರೀಯ ಪಿಯಾನೋ ಸ್ಪರ್ಧೆಯ ಇತಿಹಾಸದಲ್ಲಿ ಚಿನ್ನ ಗೆದ್ದ ಅತಿ ಕಿರಿಯ ಕಲಾವಿದ ಎಂಬ ದಾಖಲೆ ಅವರದಾಯಿತು. ಆದರೆ ಇಂಥ ಗೆಲುವು ವರವೂ ಹೌದು, ಹೊರೆಯೂ ಹೌದು. ಹೇಗೆ ಎಂಬುದನ್ನು ತಿಳಿಯಲು ಮೊದಲು ಅವರ ಹಾದಿಯನ್ನು ನೋಡಬೇಕು.

ಬಡಾವಣೆಯ ಪಿಯಾನೋ ಪಾಠದಿಂದ ಶುರು

ಲಿಮ್ ಹುಟ್ಟಿದ್ದು 2004ರ ಮಾರ್ಚ್ 20ರಂದು, ರಾಜಧಾನಿ ಸೋಲ್‌ಗೆ ಸಮೀಪದ ಸಿಹುಂಗ್ ಎಂಬ ಊರಿನಲ್ಲಿ. ಏಳನೇ ವಯಸ್ಸಿನಲ್ಲಿ ಪಿಯಾನೋ ಕಲಿಯಲು ಶುರು ಮಾಡಿದರು. ಕೊರಿಯಾದಲ್ಲಿ ಮಕ್ಕಳನ್ನು ಶಾಲೆಯ ನಂತರ ಯಾವುದಾದರೂ ಒಂದು ತರಗತಿಗೆ ಕಳುಹಿಸುವುದು ಸಾಮಾನ್ಯ. ನಮ್ಮಲ್ಲಿ ಸಂಜೆ ಹೊತ್ತು ಸಂಗೀತ, ಭರತನಾಟ್ಯ, ಕರಾಟೆ ಎಂದು ಕಳುಹಿಸುವ ಹಾಗೆಯೇ. ಪಿಯಾನೋ ಕಲಿಕೆಗೆ ಇದು ತೀರಾ ಬೇಗ ಶುರು ಮಾಡಿದ ವಯಸ್ಸೇನಲ್ಲ. ಮೂರು, ನಾಲ್ಕನೇ ವಯಸ್ಸಿಗೇ ಕುಳಿತವರು ಈ ಕ್ಷೇತ್ರದಲ್ಲಿ ಬಹಳ ಮಂದಿ ಇದ್ದಾರೆ.

ತಿರುವು ಸಿಕ್ಕಿದ್ದು 13ನೇ ವಯಸ್ಸಿನಲ್ಲಿ. ಕಲಾ ಪ್ರತಿಭೆಯ ಮಕ್ಕಳಿಗಾಗಿಯೇ ಇರುವ ಕೊರಿಯಾದ ರಾಷ್ಟ್ರೀಯ ಸಂಸ್ಥೆಗೆ ಅವರು ಸೇರಿದರು. ಅಲ್ಲಿ ಸಿಕ್ಕ ಗುರು ಮಿನ್ಸೂ ಸೋನ್. ಸೋನ್ ಕಲಿತದ್ದು ಬಾಸ್ಟನ್‌ನಲ್ಲಿ, ರಸೆಲ್ ಶೆರ್ಮನ್ ಎಂಬ ಹಿರಿಯ ಪಿಯಾನೋ ಗುರುವಿನ ಬಳಿ. ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲವೂ ಪುಸ್ತಕದಲ್ಲಿದೆ, ಗುರು ಬೇಕಿಲ್ಲ ಎಂದು ಭಾವಿಸುವವರಿದ್ದಾರೆ. ಅದು ನಿಜವಲ್ಲ. ಸ್ವರಗಳು ಕಾಗದದ ಮೇಲಿರುತ್ತವೆ. ಅವನ್ನು ಎಷ್ಟು ಒತ್ತಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದು ಗುರುಮುಖದಿಂದಲೇ ಬರಬೇಕು. 2023ರಲ್ಲಿ ಸೋನ್ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಗೆ ಬೋಧಕರಾಗಿ ಹೋದಾಗ, ಅಷ್ಟರಲ್ಲಿ ಜಗತ್ಪ್ರಸಿದ್ಧರಾಗಿದ್ದ ಲಿಮ್ ಕೂಡ ಗುರುವಿನ ಹಿಂದೆ ಅಲ್ಲಿಗೇ ವಿದ್ಯಾರ್ಥಿಯಾಗಿ ಹೋದರು.

2019ರಲ್ಲಿ, 15ನೇ ವಯಸ್ಸಿನಲ್ಲಿ, ಲಿಮ್ ಕೊರಿಯಾದ ತೊಂಗ್ಯೊಂಗ್‌ನಲ್ಲಿ ನಡೆಯುವ ಇಸಾಂಗ್ ಯುನ್ ಸ್ಪರ್ಧೆ ಗೆದ್ದಿದ್ದರು. ಆಗಲೇ ಕೊರಿಯಾದಲ್ಲಿ ಹೆಸರು ಕೇಳಿಬರತೊಡಗಿತ್ತು.

ಕೋವಿಡ್ ತಂದ ಅದೃಷ್ಟ

ವ್ಯಾನ್ ಕ್ಲೈಬರ್ನ್ ಸ್ಪರ್ಧೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 16ನೇ ಆವೃತ್ತಿ 2021ರಲ್ಲಿ ನಡೆಯಬೇಕಿತ್ತು. ಕೋವಿಡ್ ಕಾರಣಕ್ಕೆ ಒಂದು ವರ್ಷ ಮುಂದಕ್ಕೆ ಹೋಯಿತು. ಸ್ಪರ್ಧಿಗಳಿಗೆ ಕನಿಷ್ಠ 18 ವರ್ಷ ಆಗಿರಬೇಕು ಎಂಬುದು ನಿಯಮ. ನಿಗದಿಯಂತೆ 2021ರಲ್ಲೇ ಸ್ಪರ್ಧೆ ನಡೆದಿದ್ದರೆ 17ರ ಲಿಮ್ ಅರ್ಜಿ ಹಾಕಲೂ ಆಗುತ್ತಿರಲಿಲ್ಲ! ಸ್ಪರ್ಧೆಗೆ ಎರಡೂವರೆ ತಿಂಗಳ ಮೊದಲಷ್ಟೇ ಅವರಿಗೆ 18 ತುಂಬಿತ್ತು.

30 ಸ್ಪರ್ಧಿಗಳಲ್ಲಿ ಒಬ್ಬರಾಗಿದ್ದ ಲಿಮ್, ಸೆಮಿಫೈನಲ್‌ನಲ್ಲಿ ಫ್ರಾಂಜ್ ಲಿಸ್ಟ್ ಅವರ 12 'ಟ್ರಾನ್ಸೆಂಡೆಂಟಲ್ ಎಟ್ಯೂಡ್'ಗಳನ್ನು ಒಂದೇ ಬೈಠಕ್‌ನಲ್ಲಿ, ನಡುವೆ ಬಿಡುವಿಲ್ಲದೆ ನುಡಿಸಿದರು. ಒಂದು ಗಂಟೆಗೂ ಹೆಚ್ಚು ಕಾಲದ ಸಾಹಸ ಅದು. ಫೈನಲ್‌ನಲ್ಲಿ ಬೀಥೋವನ್ ಅವರ ಮೂರನೇ ಕನ್ಸರ್ಟೊ ಮತ್ತು ರಾಖ್ಮನಿನೋವ್ ಅವರ ಮೂರನೇ ಕನ್ಸರ್ಟೊ. ಚಿನ್ನದ ಪದಕದ ಜೊತೆ 1 ಲಕ್ಷ ಡಾಲರ್ ನಗದು, ಮೂರು ವರ್ಷಗಳ ಕಛೇರಿ ವ್ಯವಸ್ಥೆ ದೊರೆಯಿತು. ಪ್ರೇಕ್ಷಕರ ಮೆಚ್ಚಿನ ಕಲಾವಿದ ಮತ್ತು ಹೊಸ ಕೃತಿಯ ಅತ್ಯುತ್ತಮ ಪ್ರಸ್ತುತಿ ಎಂಬ ಎರಡು ಪ್ರಶಸ್ತಿಗಳೂ ಅವರ ಪಾಲಾದವು.

ಆ ವರ್ಷದ ಫಲಿತಾಂಶದಲ್ಲಿ ಇನ್ನೊಂದು ವಿಶೇಷವಿತ್ತು. ಯುಕ್ರೇನ್ ಯುದ್ಧ ಶುರುವಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಬೆಳ್ಳಿ ಗೆದ್ದದ್ದು ರಷ್ಯಾದ ಆನಾ ಗೆನ್ಯುಶೆನ್, ಕಂಚು ಗೆದ್ದದ್ದು ಯುಕ್ರೇನ್‌ನ ದ್ಮಿತ್ರೊ ಚೋನಿ.

ಕನ್ಸರ್ಟೊ, ಎಟ್ಯೂಡ್ ಎಂದರೇನು?

ಕನ್ಸರ್ಟೊ ಎಂದರೆ ಒಬ್ಬ ಮುಖ್ಯ ಕಲಾವಿದ ಮತ್ತು ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ ದೀರ್ಘ ರಚನೆ. ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ನಮ್ಮ ಕಛೇರಿಯ ಹಾಗೆ ಇಲ್ಲಿ ಮನೋಧರ್ಮಕ್ಕೆ, ಅಂದರೆ ಆ ಕ್ಷಣದ ಕಲ್ಪನಾಸ್ವರಕ್ಕೆ, ಅವಕಾಶ ಇಲ್ಲವೆಂದೇ ಹೇಳಬಹುದು. ಪ್ರತಿ ಸ್ವರವನ್ನೂ ರಚನೆಕಾರ ಮೊದಲೇ ಬರೆದಿಟ್ಟಿರುತ್ತಾನೆ. ರಾಖ್ಮನಿನೋವ್ ತಮ್ಮ ಮೂರನೇ ಕನ್ಸರ್ಟೊ ಬರೆದದ್ದು 1909ರಲ್ಲಿ. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಸ್ವತಃ ತಾವೇ ಮೊದಲ ಬಾರಿ ನುಡಿಸಿದರು. ಆ ಕೃತಿಯನ್ನು ಜೋಸೆಫ್ ಹಾಫ್‌ಮನ್ ಎಂಬ ಮಹಾನ್ ಪಿಯಾನೋ ವಾದಕನಿಗೆ ಅರ್ಪಿಸಿದ್ದರು. ಆದರೆ ಹಾಫ್‌ಮನ್ ಅದನ್ನು ಒಮ್ಮೆಯೂ ಸಾರ್ವಜನಿಕವಾಗಿ ನುಡಿಸಲಿಲ್ಲ.

ಎಲ್ಲವೂ ಬರೆದಿಟ್ಟದ್ದೇ ಆದರೆ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸವೇನು? ಪಿಯಾನೋದಲ್ಲಿ 88 ಮನೆಗಳಿವೆ. ವೀಣೆಯ ತಂತಿ ಎಳೆದ ಹಾಗೆ ಇಲ್ಲಿ ಸ್ವರವನ್ನು ಬಾಗಿಸಲು ಬರುವುದಿಲ್ಲ, ಗಮಕ ಸಾಧ್ಯವಿಲ್ಲ. ಒತ್ತಿದ ಮರುಕ್ಷಣದಿಂದಲೇ ನಾದ ಕುಗ್ಗುತ್ತಾ ಹೋಗುತ್ತದೆ. ಹಾಗಾಗಿ ಕಲಾವಿದನ ಕೈಯಲ್ಲಿ ಉಳಿಯುವುದು ಬೆರಳಿನ ಭಾರ, ಕಾಲಿನ ಪೆಡಲ್, ಸ್ವರಗಳ ನಡುವಿನ ಅಂತರ ಮತ್ತು ಮೌನ. ಇಷ್ಟರಲ್ಲೇ ಕುಗ್ಗುವ ನಾದವನ್ನು ಹಾಡಿನಂತೆ ಕೇಳಿಸಬೇಕು.

ಎಟ್ಯೂಡ್ ಎಂದರೆ ಅಭ್ಯಾಸದ ರಚನೆ. ಕರ್ನಾಟಕ ಸಂಗೀತ ಬಲ್ಲವರಿಗೆ ವರ್ಣದ ಉದಾಹರಣೆ ಕೊಟ್ಟರೆ ಬೇಗ ಅರ್ಥವಾಗುತ್ತದೆ. ವರ್ಣ ಕಲಿಕೆಯ ಪಾಠವೂ ಹೌದು, ಕಛೇರಿಯ ಆರಂಭದಲ್ಲಿ ಹಾಡುವ ಕೃತಿಯೂ ಹೌದು. ಬೆರಳಿನ ಸಾಧನೆಗೆಂದು ಇದ್ದ ಎಟ್ಯೂಡ್‌ಗಳನ್ನು ವೇದಿಕೆಯ ಕಾವ್ಯವಾಗಿಸಿದವರಲ್ಲಿ ಪೋಲೆಂಡ್ ಮೂಲದ ಶೋಪ್ಯಾನ್ ಪ್ರಮುಖರು. 1833 ಮತ್ತು 1837ರಲ್ಲಿ ಅವರು 12ರಂತೆ ಎರಡು ಸಂಪುಟ ಪ್ರಕಟಿಸಿದರು. ಲಿಮ್ ತಮ್ಮ ಮೊದಲ ಸ್ಟುಡಿಯೋ ಆಲ್ಬಂಗೆ ಆರಿಸಿಕೊಂಡದ್ದು ಈ 24 ರಚನೆಗಳನ್ನೇ.

ಪದಕದ ಹೊರೆ: ಕ್ಲೈಬರ್ನ್ ಕಥೆ

ಇಲ್ಲಿ ಸ್ಪರ್ಧೆಗೆ ಹೆಸರು ಕೊಟ್ಟ ವ್ಯಕ್ತಿಯನ್ನು ನೆನೆಯಲೇಬೇಕು. ವ್ಯಾನ್ ಕ್ಲೈಬರ್ನ್ ಟೆಕ್ಸಾಸ್‌ನಲ್ಲಿ ಬೆಳೆದ ಹುಡುಗ. 1958ರಲ್ಲಿ, ಶೀತಲ ಸಮರ ಕಾವೇರಿದ್ದ ಕಾಲದಲ್ಲಿ, ಮಾಸ್ಕೋದ ಮೊದಲ ಚೈಕೋವ್ಸ್ಕಿ ಸ್ಪರ್ಧೆಯನ್ನು 23ನೇ ವಯಸ್ಸಿನಲ್ಲಿ ಗೆದ್ದರು. ನ್ಯೂಯಾರ್ಕ್ ಬೀದಿಯಲ್ಲಿ ಅವರಿಗೆ ಅದ್ಧೂರಿ ಮೆರವಣಿಗೆ ನಡೆಯಿತು. ಅವರ ಚೈಕೋವ್ಸ್ಕಿ ಕನ್ಸರ್ಟೊ ಧ್ವನಿಮುದ್ರಿಕೆ 10 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 1962ರಲ್ಲಿ ಅವರ ಹೆಸರಿನಲ್ಲೇ ಈ ಸ್ಪರ್ಧೆ ಶುರುವಾಯಿತು.

ಆದರೆ ಹೋದಲ್ಲೆಲ್ಲ ಜನ ಕೇಳಿದ್ದು ಅದೇ ಚೈಕೋವ್ಸ್ಕಿ. ಗೆದ್ದ ಕೃತಿಯೇ ಬೇಡಿಯಾಯಿತು. ಹೊಸತನ್ನು ಕಲಿತು ಬೆಳೆಯಲು ಬಿಡುವು ಸಿಗಲಿಲ್ಲ. 1978ರಲ್ಲಿ, ಇನ್ನೂ 44ರ ವಯಸ್ಸಿನಲ್ಲೇ, ಕ್ಲೈಬರ್ನ್ ವೇದಿಕೆಯಿಂದ ದೂರ ಸರಿದರು. ಮತ್ತೆ ನುಡಿಸಿದ್ದು 1987ರಲ್ಲಿ, ಶ್ವೇತಭವನಕ್ಕೆ ಬಂದಿದ್ದ ಸೋವಿಯತ್ ನಾಯಕ ಗೋರ್ಬಚೇವ್ ಎದುರು. ಚಿಕ್ಕ ವಯಸ್ಸಿನ ದೊಡ್ಡ ಗೆಲುವು ಏನು ಮಾಡಬಲ್ಲದು ಎಂಬುದಕ್ಕೆ ಅವರ ಬದುಕೇ ಪಾಠ.

ಲಿಮ್ ಮಾಡಿದ್ದೇನು?

ಗೆದ್ದ ನಂತರ ಪತ್ರಕರ್ತರ ಎದುರು ಲಿಮ್ ಹೇಳಿದ್ದು ಇಷ್ಟೇ: ಪದಕ ಬಂತೆಂದು ತಮ್ಮ ವಿದ್ಯೆ ಹೆಚ್ಚಾಗಿಲ್ಲ, ಅಭ್ಯಾಸ ಮುಂದುವರಿಸಬೇಕು. ರಾಖ್ಮನಿನೋವ್ ಕೃತಿಗೆ ಬೇಡಿಕೆ ಇದ್ದೇ ಇತ್ತು, 2023ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ ಅದನ್ನೇ ನುಡಿಸಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ. 2024ರ ಫೆಬ್ರವರಿಯಲ್ಲಿ ಕಾರ್ನೆಗಿ ಹಾಲ್‌ನ ಚೊಚ್ಚಲ ಕಛೇರಿಗೆ ಶೋಪ್ಯಾನ್ ಎಟ್ಯೂಡ್‌ಗಳನ್ನು ಆರಿಸಿಕೊಂಡರು. ಏಪ್ರಿಲ್‌ನಲ್ಲಿ ಡೆಕ್ಕಾ ಸಂಸ್ಥೆಯಿಂದ ಆಲ್ಬಂ ಬಂತು. ಅದರ ಒಂದು ಎಟ್ಯೂಡ್‌ನ ಆರಂಭದ ಕೆಲವೇ ಸ್ವರಗಳಿಗಾಗಿ ಏಳು ಗಂಟೆಗೂ ಹೆಚ್ಚು ಅಭ್ಯಾಸ ಮಾಡಿದ್ದಾಗಿ ಅವರು ಹೇಳಿಕೊಂಡಿದ್ದರು.

ಅಭ್ಯಾಸಕ್ಕೂ ಬೆಲೆ ತೆರಬೇಕಾಗುತ್ತದೆ. ಅದೇ ವರ್ಷ ಕೈನೋವಿನಿಂದ ಹಲವು ಕಛೇರಿಗಳನ್ನು ರದ್ದು ಮಾಡಬೇಕಾಯಿತು. ಪಿಯಾನೋ ವಾದಕನಿಗೆ ಕೈಯೇ ಬಂಡವಾಳ. ನೋವು ನುಂಗಿ ನುಡಿಸಿ ವರ್ಷಗಟ್ಟಲೆ ವೇದಿಕೆ ಕಳೆದುಕೊಂಡವರ ಉದಾಹರಣೆಗಳು ಈ ಕ್ಷೇತ್ರದಲ್ಲಿ ಕಡಿಮೆಯಿಲ್ಲ. ಲಿಮ್ ವಿಶ್ರಾಂತಿ ಪಡೆದು ಜುಲೈನಲ್ಲಿ ಲಂಡನ್‌ನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ಬೀಥೋವನ್ ಅವರ 'ಎಂಪರರ್' ಕನ್ಸರ್ಟೊ ನುಡಿಸಿದರು. ವರ್ಷಾಂತ್ಯದೊಳಗೆ ಶೋಪ್ಯಾನ್ ಆಲ್ಬಂಗೆ ಗ್ರಾಮಫೋನ್ ಪತ್ರಿಕೆಯ ಪಿಯಾನೋ ಪ್ರಶಸ್ತಿ, ಲಿಮ್ ಅವರಿಗೆ ವರ್ಷದ ಯುವ ಕಲಾವಿದ ಗೌರವ ಒಲಿದವು.

2025ರ ಏಪ್ರಿಲ್‌ನಲ್ಲಿ ಮತ್ತೆ ಕಾರ್ನೆಗಿ ಹಾಲ್. ಈ ಬಾರಿ ಬಾಖ್ ಅವರ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್'. ಒಂದು ಪಲ್ಲವಿಯಂಥ ಏರಿಯಾ, ಅದರ ಮೇಲೆ 30 ಬೆಳವಣಿಗೆಗಳು, ಕೊನೆಗೆ ಮತ್ತೆ ಅದೇ ಏರಿಯಾ. ಕಿವಿಗಡಚಿಕ್ಕುವ ಅಬ್ಬರವಿಲ್ಲದ, ತಾಳ್ಮೆ ಬೇಡುವ ಕೃತಿ. ಚಪ್ಪಾಳೆ ಖಾತ್ರಿಯಿದ್ದ ಹಾದಿ ಬಿಟ್ಟು 21ರ ಹುಡುಗ ಇದನ್ನು ಆರಿಸಿಕೊಂಡದ್ದೇ ಒಂದು ಉತ್ತರ.

ಆ ವರ್ಷದ ಜೂನ್‌ನಲ್ಲಿ ಕ್ಲೈಬರ್ನ್ ಚಿನ್ನ ಹಾಂಗ್‌ಕಾಂಗ್‌ನ ಅರಿಸ್ಟೊ ಶಾಮ್ ಪಾಲಾಯಿತು. ಪದಕಕ್ಕೆ ಹೊಸ ಒಡೆಯ ಸಿಕ್ಕ. ಲಿಮ್ ಈಗ 'ಹಾಲಿ ಚಾಂಪಿಯನ್' ಅಲ್ಲ, ಬರೀ ಪಿಯಾನೋ ವಾದಕ. ಬಹುಶಃ ಅವರಿಗೆ ಬೇಕಿದ್ದದ್ದೂ ಅದೇ.

ಕೇಳಲು ಇಷ್ಟಪಡುವವರು 2022ರ ಫೈನಲ್ ಪ್ರಸ್ತುತಿಯಿಂದ ಶುರು ಮಾಡಬಹುದು, ಯೂಟ್ಯೂಬ್‌ನಲ್ಲಿ ಉಚಿತವಾಗಿದೆ. ಮೊದಲ ನಿಮಿಷದ ಸರಳ ರಾಗವನ್ನು ನೆನಪಿಟ್ಟುಕೊಂಡು ಕೇಳಿ. ಆಮೇಲೆ ಅದು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.