ಎಣ್ಣೆಗೆ ಬೆಂಕಿ ಯಾವಾಗ ಹತ್ತುತ್ತದೆ?

ಉಟಗಿ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಒಂದು ಊರು. ಅಲ್ಲಿಯ ಮನೆಗಳಲ್ಲಿ ಈಗ ವಿದ್ಯುತ್ ದೀಪಗಳಿವೆ. ಆದರೆ ಊರಿನ ಅಜ್ಜ-ಅಜ್ಜಿಯರನ್ನು ಕೇಳಿರಿ. ಅವರು ಚಿಕ್ಕವರಿದ್ದಾಗ ರಾತ್ರಿ ಚಿಮಣಿ, ಕಂದೀಲುಗಳೇ ಬೆಳಕು ಕೊಡುತ್ತಿದ್ದವು. ಚಿಮಣಿಗೆ ಸೀಮೆಎಣ್ಣೆ, ಹಣತೆಗೆ ಕುಸುಬೆ ಇಲ್ಲವೆ ಶೇಂಗಾ ಎಣ್ಣೆ ಹಾಕುತ್ತಿದ್ದರು.

ಹಣತೆಗೆ ಬತ್ತಿ ಏಕೆ ಬೇಕು? ಎಣ್ಣೆಗೇ ನೇರವಾಗಿ ಬೆಂಕಿ ಹಚ್ಚಿದರೆ ಆಗದೇ? ಆಗುವುದಿಲ್ಲ. ಏಕೆಂದರೆ ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ಬತ್ತಿಯು ಸ್ವಲ್ಪ ಸ್ವಲ್ಪವೇ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಅದರ ತುದಿಯಲ್ಲಿ ಎಣ್ಣೆ ಬಹಳ ಬಿಸಿಯಾಗಿ ಆವಿಯಾಗುತ್ತದೆ. ಆ ಆವಿ ಗಾಳಿಯೊಡನೆ ಬೆರೆತು ಉರಿಯುತ್ತದೆ. ಕೆಳಗೆ ಹಣತೆಯಲ್ಲಿರುವ ಎಣ್ಣೆ ಸುಮ್ಮನೆ ಇರುತ್ತದೆ.

ಪ್ರತಿಯೊಂದು ಎಣ್ಣೆಯನ್ನೂ ಇಷ್ಟು ಬಿಸಿ ಮಾಡಿದರೆ ಸಾಕು, ಉರಿ ತಾಗಿದೊಡನೆ ಅದರ ಮೇಲಿನ ಆವಿ ಭಗ್ ಎಂದು ಒಮ್ಮೆ ಮಿಂಚಿ ಆರುತ್ತದೆ. ಹೀಗೆ ಮಿಂಚುವ ಅತಿ ಕಡಿಮೆ ಉಷ್ಣತೆಗೆ ‘ಫ್ಲ್ಯಾಶ್ ಪಾಯಿಂಟ್’ ಎನ್ನುತ್ತಾರೆ. ಕುಸುಬೆ, ಶೇಂಗಾದಂತಹ ಅಡುಗೆ ಎಣ್ಣೆಗಳಿಗೆ ಇದು ಸುಮಾರು 300 ಅಂಶ ಸೆಲ್ಸಿಯಸ್ಸಿನ ಆಸುಪಾಸು. ಸೀಮೆಎಣ್ಣೆಗೆ 35 ಅಂಶಕ್ಕಿಂತ ಕಡಿಮೆ ಇರಬಾರದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ಪೆಟ್ರೋಲಿನದು ಸೊನ್ನೆಗಿಂತಲೂ ಸುಮಾರು 40 ಅಂಶ ಕೆಳಗೆ! ಅಂದರೆ ಮಂಜುಗಡ್ಡೆಯಷ್ಟು ತಣ್ಣಗಿರುವ ಪೆಟ್ರೋಲಿಗೂ ಒಂದು ಕಿಡಿ ಸಾಕು. ಅದರ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಒಲೆಯ ಬೆಂಕಿಯನ್ನು ಮುಟ್ಟಬಲ್ಲದು. ಪೆಟ್ರೋಲ್ ಪಂಪಿನಲ್ಲಿ ಬೀಡಿ ಸೇದಬಾರದೆಂದು ಫಲಕ ಹಾಕಿರುವುದು ಸುಮ್ಮನೆ ಅಲ್ಲ.

ಜತ್ತದ ಕಡೆ ಬೇಸಿಗೆಯ ಬಿಸಿಲು 40 ಅಂಶ ಮುಟ್ಟುತ್ತದೆ. ಬಿಸಿಲಿನಲ್ಲಿಟ್ಟ ಸೀಮೆಎಣ್ಣೆಯ ಡಬ್ಬಿ ಆಗ ತನ್ನ ಫ್ಲ್ಯಾಶ್ ಪಾಯಿಂಟನ್ನು ಮುಟ್ಟಿರಬಹುದು. ಉರಿಯುತ್ತಿರುವ ಸ್ಟೋವಿನ ಟಾಕಿಯಂತೂ ಮೊದಲೇ ಬಿಸಿಯಾಗಿರುತ್ತದೆ. ಸ್ಟೋವನ್ನು ಆರಿಸಿ, ಅದು ತಣ್ಣಗಾದ ಮೇಲೆಯೇ ಎಣ್ಣೆ ತುಂಬಬೇಕೆಂದು ಹಿರಿಯರು ಹೇಳುವುದು ಇದಕ್ಕಾಗಿಯೇ.

ಇನ್ನೂ ದೊಡ್ಡ ಅಪಾಯವೆಂದರೆ ಬೆರಕೆ. ಸೀಮೆಎಣ್ಣೆಯಲ್ಲಿ ತುಸು ಪೆಟ್ರೋಲ್ ಸೇರಿದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಆದರೆ ಅದರ ಫ್ಲ್ಯಾಶ್ ಪಾಯಿಂಟ್ ಬಹಳ ಕೆಳಗೆ ಇಳಿದುಬಿಡುತ್ತದೆ. ಅಂತಹ ಎಣ್ಣೆ ತುಂಬಿದ ದೀಪ ಸಿಡಿಯಬಹುದು. ಸುಮಾರು 150 ವರ್ಷಗಳ ಹಿಂದೆ ಅನೇಕ ದೇಶಗಳಲ್ಲಿ ಹೀಗೆಯೇ ದೀಪಗಳು ಸಿಡಿದು ಜನ ಸತ್ತರು. ಕೆಲವು ವ್ಯಾಪಾರಿಗಳು ಅಗ್ಗದ, ಬೇಗ ಆವಿಯಾಗುವ ಎಣ್ಣೆಯನ್ನು ಬೆರೆಸಿ ಮಾರುತ್ತಿದ್ದರು. ಇದನ್ನು ಹಿಡಿಯಲು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಏಬಲ್ ಒಂದು ಉಪಕರಣವನ್ನು ಮಾಡಿದರು. 1879ರಲ್ಲಿ ಅಲ್ಲಿಯ ಕಾಯ್ದೆ ಅದನ್ನು ಒಪ್ಪಿಕೊಂಡಿತು.

ಏಬಲ್ ಉಪಕರಣ ನೋಡಲು ಸರಳ. ಮುಚ್ಚಳವಿರುವ ಒಂದು ಲೋಹದ ಬಟ್ಟಲು. ಅದರೊಳಗೆ ಅಳತೆಗೆ ಸರಿಯಾಗಿ ಎಣ್ಣೆ. ಸುತ್ತಲೂ ನೀರು. ಮುಚ್ಚಳದಲ್ಲಿ ಉಷ್ಣತಾಮಾಪಕ ಮತ್ತು ಸರಿಸಿ ತೆಗೆಯುವ ಚಿಕ್ಕ ಕಿಂಡಿ. ನೀರನ್ನು ನಿಧಾನವಾಗಿ ಕಾಯಿಸುತ್ತಾರೆ. ನಿಮಿಷಕ್ಕೆ ಸುಮಾರು ಒಂದು ಅಂಶದಷ್ಟು ಮಾತ್ರ ಎಣ್ಣೆಯ ಉಷ್ಣತೆ ಏರಬೇಕು. ಅವಸರ ಮಾಡಿದರೆ ಅಳತೆ ತಪ್ಪುತ್ತದೆ. ನಡುನಡುವೆ ಕಿಂಡಿ ತೆರೆದು, ಜೋಳದ ಕಾಳಿನಷ್ಟು ಚಿಕ್ಕ ಉರಿಯನ್ನು ಒಳಗೆ ತೋರಿಸುತ್ತಾರೆ. ಏನೂ ಆಗದಿದ್ದರೆ ಮತ್ತೆ ಕಾಯಿಸುತ್ತಾರೆ. ಒಳಗೆ ಬೆಳಕು ಮಿಂಚಿದಾಗ ಉಷ್ಣತಾಮಾಪಕವನ್ನು ಓದಿ ಬರೆದುಕೊಳ್ಳುತ್ತಾರೆ. ಇದು ಪ್ರಯೋಗಶಾಲೆಯ ಕೆಲಸ. ಮನೆಯಲ್ಲಿ ಯಾರೂ ಮಾಡಬಾರದು.

ಭಾರತದಲ್ಲಿಯೂ ಸೀಮೆಎಣ್ಣೆ, ಡೀಸೆಲ್‌ಗಳನ್ನು ಏಬಲ್ ಉಪಕರಣದಲ್ಲಿ ಪರೀಕ್ಷಿಸುತ್ತಾರೆ. ನಮ್ಮ ಪೆಟ್ರೋಲಿಯಂ ಕಾಯ್ದೆ ಇಂತಹ ಎಣ್ಣೆಗಳನ್ನು ಈ ಅಳತೆಯಿಂದಲೇ ವಿಂಗಡಿಸಿದೆ. 23 ಅಂಶಕ್ಕಿಂತ ಕೆಳಗೆ ಮಿಂಚುವವು ಮೊದಲ ವರ್ಗ. ಪೆಟ್ರೋಲ್ ಇದರಲ್ಲಿ ಬರುತ್ತದೆ. ಸೀಮೆಎಣ್ಣೆ ಮತ್ತು ಡೀಸೆಲ್ ಎರಡನೆಯ ವರ್ಗ. ಪೆಟ್ರೋಲ್ ಒಯ್ದ ಟ್ಯಾಂಕರಿನಲ್ಲಿ ಡೀಸೆಲ್ ತುಂಬಿದರೆ, ತಳದಲ್ಲಿ ಉಳಿದ ತುಸು ಪೆಟ್ರೋಲೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ರಸ್ತೆಯಲ್ಲಿ ಟ್ಯಾಂಕರ್ ಕಂಡರೆ ದೂರದಿಂದಲೇ ಅದರ ಫಲಕ ಓದಿರಿ. 1203 ಎಂದಿದ್ದರೆ ಒಳಗೆ ಪೆಟ್ರೋಲ್, 1202 ಎಂದಿದ್ದರೆ ಡೀಸೆಲ್. ಅಪಘಾತವಾದರೆ ಅಗ್ನಿಶಾಮಕ ದಳದವರು ಈ ಅಂಕಿಯನ್ನು ನೋಡಿಯೇ ಒಳಗೆ ಏನಿದೆ ಎಂದು ತಿಳಿಯುತ್ತಾರೆ.

ತಿನ್ನುವ ಎಣ್ಣೆಗೂ ಇಂತಹ ಪರೀಕ್ಷೆ ಇದೆ. ಗಾಣದಲ್ಲಿ ಕಾಳನ್ನು ಅರೆದು ಎಣ್ಣೆ ತೆಗೆಯುತ್ತಾರೆ. ಹಿಂಡಿಯಲ್ಲಿ ಇನ್ನೂ ಸ್ವಲ್ಪ ಎಣ್ಣೆ ಉಳಿದಿರುತ್ತದೆ. ದೊಡ್ಡ ಕಾರಖಾನೆಗಳಲ್ಲಿ ಹೆಕ್ಸೇನ್ ಎಂಬ ದ್ರವದಿಂದ ಅದನ್ನೂ ತೊಳೆದು ತೆಗೆಯುತ್ತಾರೆ. ಅನಂತರ ಹೆಕ್ಸೇನನ್ನು ಕಾಯಿಸಿ ಹಾರಿಸಿಬಿಡಬೇಕು. ಅದು ಪೆಟ್ರೋಲಿನಂತೆಯೇ ಬೇಗ ಬೆಂಕಿ ಹಿಡಿಯುವ ದ್ರವ, ತಿನ್ನತಕ್ಕದ್ದಲ್ಲ. ಅದು ಪೂರ್ತಿ ಹೋಯಿತೇ ಎಂದು ತಿಳಿಯಲು, ಹೀಗೆ ತೆಗೆದ ಎಣ್ಣೆಯ ಫ್ಲ್ಯಾಶ್ ಪಾಯಿಂಟ್ ನೋಡುತ್ತಾರೆ. ಅದು 250 ಅಂಶಕ್ಕಿಂತ ಕೆಳಗಿದ್ದರೆ ಆ ಎಣ್ಣೆಯನ್ನು ತಿನ್ನಲು ಮಾರುವಂತಿಲ್ಲ.