ದೇವರು ಕೈಹಾಕಿದರೂ ಹೊಣೆ ನಾಯಕನದೇ

ಟ್ರಾಯ್ ಕೋಟೆಯೆದುರಿನ ಗ್ರೀಕ್ ಪಾಳೆಯದಲ್ಲಿ 9 ದಿನ ಅಪೊಲೊ ದೇವರ ಬಾಣಗಳು ಸುರಿದವು. ಮೊದಲು ಹೇಸರಗತ್ತೆ, ನಾಯಿಗಳು ಸತ್ತವು, ಆಮೇಲೆ ಸೈನಿಕರು. ಹೆಣ ಸುಡುವ ಬೆಂಕಿ ಆರಲೇ ಇಲ್ಲ. ದೇವರನ್ನು ಹೀಗೆ ಕೆರಳಿಸಿದವನು ಸೇನೆಯ ದೊರೆ ಅಗಮೆಮ್ನಾನ್. ಸೆರೆಸಿಕ್ಕ ಮಗಳನ್ನು ಬಿಡಿಸಿಕೊಳ್ಳಲು ಕಾಣಿಕೆ ಹೊತ್ತು ಬಂದ ಅಪೊಲೊನ ಮುದಿ ಪೂಜಾರಿಯನ್ನು ಅವನು ಗದರಿಸಿ ಅಟ್ಟಿದ್ದ. ಹುಡುಗಿಯನ್ನು ಬಿಟ್ಟುಬಿಡೋಣ ಎಂದು ಉಳಿದ ಗ್ರೀಕರೆಲ್ಲ ಹೇಳಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ.

24 ಸರ್ಗಗಳ ಹೋಮರನ ‘ಇಲಿಯಡ್’ ತೆರೆದುಕೊಳ್ಳುವುದು ಹೀಗೆ. ಈ ಕಾವ್ಯದ ದೇವತೆಗಳು ಸುಮ್ಮನೆ ಕೂರುವವರಲ್ಲ. ಸುಳ್ಳು ಕನಸು ಕಳಿಸುತ್ತಾರೆ, ಗುರಿ ತಪ್ಪಿಸುತ್ತಾರೆ, ತಮಗೆ ಬೇಕಾದವರನ್ನು ಮಂಜಿನಲ್ಲಿ ಮರೆಮಾಡಿ ಎತ್ತಿಕೊಂಡು ಹೋಗುತ್ತಾರೆ. ಹಾಗಿದ್ದೂ ನಾಯಕರ ತಪ್ಪನ್ನು ಹೋಮರ್ ದೇವರ ತಲೆಗೆ ಕಟ್ಟಿ ಮುಗಿಸುವುದಿಲ್ಲ. ಅನಾಹುತಕ್ಕೆ ಮೊದಲು ಯಾರಾದರೊಬ್ಬರು ಬುದ್ಧಿಮಾತು ಹೇಳಿಯೇ ಇರುತ್ತಾರೆ.

ಪೂಜಾರಿಯ ಮಗಳನ್ನು ಬಿಟ್ಟುಕೊಡಬೇಕಾದಾಗ ಅಗಮೆಮ್ನಾನ್, ಗ್ರೀಕರ ಮಹಾವೀರ ಅಕಿಲೀಸನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೆಯಿಸ್‌ಳನ್ನು ಕಿತ್ತುಕೊಳ್ಳಲು ಹೊರಡುತ್ತಾನೆ. ಅಕಿಲೀಸ್ ಒರೆಯಿಂದ ಕತ್ತಿ ಹಿರಿಯುತ್ತಿರುವಾಗಲೇ ಅಥೀನಾ ಹಿಂದಿನಿಂದ ಬಂದು ಅವನ ಕೂದಲು ಹಿಡಿಯುತ್ತಾಳೆ. ಅವಳು ಕಾಣುವುದು ಅವನೊಬ್ಬನಿಗೇ. ಅಂಥ ದೇವತೆಯೂ, ನೀನು ಕೇಳುವುದಾದರೆ ಕೋಪ ತಡೆಯಲು ಬಂದೆ ಎಂದೇ ಮಾತು ತೆಗೆಯುತ್ತಾಳೆ. ಕತ್ತಿಯನ್ನು ಒರೆಗೆ ತಳ್ಳುವ ಕೈ ಅಕಿಲೀಸನದು. ಮುಂದೆ ಯುದ್ಧದಿಂದ ದೂರ ಕುಳಿತು, ಜೀವದ ಗೆಳೆಯ ಪೆಟ್ರೋಕ್ಲಸ್‌ನನ್ನು ಕಳೆದುಕೊಳ್ಳುವವನೂ ಅವನೇ.

19ನೇ ಸರ್ಗದಲ್ಲಿ ಅಗಮೆಮ್ನಾನ್ ತುಂಬಿದ ಸಭೆಯಲ್ಲಿ ಮಾತಾಡುತ್ತಾನೆ. ತನ್ನ ಬುದ್ಧಿಗೆ ಮಂಕು ಕವಿಸಿದ್ದು ದೇವತೆಗಳ ದೊರೆ ಝ್ಯೂಸ್ ಮತ್ತು ವಿಧಿ, ತಪ್ಪು ತನ್ನದಲ್ಲ ಎನ್ನುತ್ತಾನೆ. ಆದರೂ ಅಕಿಲೀಸನಿಗೆ ದಂಡ ತೆರುತ್ತಾನೆ: 10 ತಲಾಂತು ಚಿನ್ನ, 12 ಕುದುರೆ, 20 ಕೊಪ್ಪರಿಗೆ, ಜೊತೆಗೆ ಬ್ರಿಸೆಯಿಸ್‌ಳೂ ಮರಳಿ ಬರುತ್ತಾಳೆ. ದೇವರನ್ನು ದೂರಿದವನಿಗೂ ಬಾಕಿ ತೀರಿಸದೆ ಗತಿಯಿಲ್ಲ.

ನನ್ನ ಮನಸ್ಸು ಸೋಲುವುದು ಎದುರಾಳಿ ಟ್ರಾಯ್ ಸೇನೆಯ ನಾಯಕ ಹೆಕ್ಟರನಿಗೆ. ರಾತ್ರಿಯೇ ಕೋಟೆಯೊಳಗೆ ಸೇರಿಕೊಳ್ಳೋಣ ಎಂದು ಜೊತೆಗಾರ ಪೊಲಿಡಮಾಸ್ ಎಚ್ಚರಿಸಿದಾಗ ಅವನು ಒಪ್ಪುವುದಿಲ್ಲ. ಟ್ರಾಯ್ ಜನ ಅವನಿಗೇ ಜೈ ಎನ್ನುತ್ತಾರೆ. ಅಥೀನಾ ಅವರ ಬುದ್ಧಿ ಕಸಿದಿದ್ದಳು ಎಂದು ಕವಿಯೇ ಹೇಳುತ್ತಾನೆ. ಮರುದಿನ ಸೇನೆ ಚೆಲ್ಲಾಪಿಲ್ಲಿಯಾಗಿ, ಕೋಟೆಬಾಗಿಲ ಹೊರಗೆ ಒಬ್ಬನೇ ನಿಂತ ಹೆಕ್ಟರ್ ಮಾತ್ರ ಯಾವ ದೇವರನ್ನೂ ದೂರುವುದಿಲ್ಲ. ನನ್ನ ದುಡುಕಿನಿಂದ ಜನ ಹಾಳಾದರು, ಊರ ಗಂಡಸರು ಹೆಂಗಸರಿಗೆ ಹೇಗೆ ಮುಖ ತೋರಿಸಲಿ ಎಂದು ಕೊರಗುತ್ತಾನೆ. ಸೋತು ಸಾಯುವ ಅವನು ಗೆದ್ದ ಅಗಮೆಮ್ನಾನನಿಗಿಂತ ದೊಡ್ಡ ನಾಯಕನಾಗುವುದು ಇಲ್ಲಿ.

ಹೋಮರನ ಇನ್ನೊಂದು ಕಾವ್ಯ ‘ಒಡಿಸ್ಸಿ’ಯ ಮೊದಲಿಗೇ ಝ್ಯೂಸ್ ಈ ಮಾತೆತ್ತುತ್ತಾನೆ: ಮನುಷ್ಯರು ಕಷ್ಟಕ್ಕೆಲ್ಲ ನಮ್ಮನ್ನು ದೂರುತ್ತಾರೆ, ತಮ್ಮ ತಪ್ಪಿನಿಂದ ಹೆಚ್ಚಿನದನ್ನು ತಂದುಕೊಳ್ಳುತ್ತಾರೆ. ಅಗಮೆಮ್ನಾನನನ್ನು ಕೊಂದ ಈಜಿಸ್ಥಸ್‌ಗೆ ದೇವದೂತ ಹರ್ಮಿಸ್ ಮೊದಲೇ ಎಚ್ಚರಿಸಿದ್ದ, ಅವನೂ ಕೇಳಲಿಲ್ಲ.

ಅಧಿಕಾರದಲ್ಲಿದ್ದವರು ಕಾಲ ಕೆಟ್ಟಿತ್ತು, ಗ್ರಹಚಾರ ಸರಿಯಿರಲಿಲ್ಲ ಎಂದು ಕೈತೊಳೆದುಕೊಳ್ಳುವುದು ಇಂದಿಗೂ ಇದೆ. ಹೋಮರನನ್ನು ಓದಿದವರು ಅವರಿಗೆ ಕೇಳಬೇಕಾದ್ದು ಇಷ್ಟೇ: ಬುದ್ಧಿ ಹೇಳಿದವರೊಬ್ಬರು ಇದ್ದರಲ್ಲ, ಆಗ ಯಾಕೆ ಕೇಳಲಿಲ್ಲ?